ಯುಎಸ್‌ಬಿ ಗ್ರ್ಯಾಫೀನ್ ಬೆಲ್ಟ್: ಸೊಂಟಕ್ಕೆ ಹಿತ, ಹೆಸರಿಗೆ ದುಡ್ಡು ದಂಡ

ಸೊಂಟನೋವಿಗೆಂದು ಆನ್‌ಲೈನ್‌ನಲ್ಲಿ ಸಿಗುವ, ಕರೆಂಟಿನಿಂದ ಬಿಸಿಯಾಗುವ ಗ್ರ್ಯಾಫೀನ್ (ಒಂದೇ ಪರಮಾಣುವಿನಷ್ಟು ತೆಳುವಾದ ಇಂಗಾಲದ ಪದರ) ಬೆಲ್ಟ್‌ಗಳ ಬ್ರ್ಯಾಂಡು ಬೇರೆಬೇರೆ, ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಇಂಗಾಲದ ಶಾಯಿ ಬಳಿದ ತೆಳು ಪ್ಲಾಸ್ಟಿಕ್ ಹಾಳೆ, ಎರಡು ಅಂಚಿಗೆ ತಾಮ್ರದ ಪಟ್ಟಿ, ಒಂದು ಕಂಟ್ರೋಲರ್. ಕರೆಂಟು ಹಾಳೆಯ ಉದ್ದಗಲಕ್ಕೂ ಹರಿಯುವುದರಿಂದ ಬಿಸಿ ಸಮನಾಗಿ ಹರಡುತ್ತದೆ. ತಂತಿ ಸುತ್ತಿದ ಹಳೆಯ ಹೀಟಿಂಗ್ ಪ್ಯಾಡಿನಲ್ಲಿ ತಂತಿ ಇದ್ದಲ್ಲಿ ಚುರುಕು, ಇಲ್ಲದಲ್ಲಿ ತಣ್ಣಗೆ. ಆ ಕಾಟ ಇಲ್ಲಿಲ್ಲ. ಮೈಗೆ ಅಂಟಿಕೊಂಡು ಕೂರುತ್ತದೆ, ಬೇಗ ಬಿಸಿಯಾಗುತ್ತದೆ. ಇಷ್ಟನ್ನು ಮೆಚ್ಚಲೇಬೇಕು.

ಆದರೆ ಗ್ರ್ಯಾಫೀನ್ ಎಂಬ ಹೆಸರು ನೋಡಿ ಹೆಚ್ಚು ದುಡ್ಡು ಸುರಿಯಬೇಡಿ. ಒಂದೇ ಪದರದ ಗ್ರ್ಯಾಫೀನ್ ಬಿದ್ದ ಬೆಳಕಿನಲ್ಲಿ ಶೇ. 2.3ರಷ್ಟನ್ನು ಮಾತ್ರ ಹೀರುತ್ತದೆ, ಕಣ್ಣಿಗೆ ಬಹುತೇಕ ಪಾರದರ್ಶಕ. ಬೆಲ್ಟಿನಲ್ಲಿರುವುದೋ ಕಡುಗಪ್ಪು: ಹಲವು ಪದರದ ಚೂರುಗಳು, ಅಂಟು, ಜತೆಗೆ ಸಾಧಾರಣ ಕಾರ್ಬನ್ ಪುಡಿಯೂ ಇರಬಹುದು. ಡಬ್ಬದ ಮೇಲಿನ ‘ಫಾರ್ ಇನ್‌ಫ್ರಾರೆಡ್, 6–14 ಮೈಕ್ರಾನ್’ (ಕಣ್ಣಿಗೆ ಕಾಣದ ಶಾಖದ ಕಿರಣ, ಅದರ ತರಂಗದ ಉದ್ದ) ಸುಳ್ಳಲ್ಲ, ಹೆಚ್ಚುಗಾರಿಕೆಯೂ ಅಲ್ಲ. 40 ಡಿಗ್ರಿಗೆ ಕಾದ ಬಟ್ಟೆ, ರಬ್ಬರು ಹೆಚ್ಚಾಗಿ ಸೂಸುವುದೂ 9 ಮೈಕ್ರಾನ್ ಆಸುಪಾಸಿನ ಕಿರಣವನ್ನೇ. ಬಿಸಿನೀರಿನ ಚೀಲದಿಂದಲೂ ಅದೇ ಸಿಗುತ್ತದೆ.

ಸಾಮಾನ್ಯವಾಗಿ ಬೆಲ್ಟಿಗೆ ಬೇಕಾದ್ದು 5 ವೋಲ್ಟ್, 2 ಆಂಪಿಯರ್, ಅಂದರೆ 10 ವ್ಯಾಟ್. 1 ಆಂಪಿಯರಿನ ಹಳೆಯ ಮೊಬೈಲ್ ಚಾರ್ಜರಿಗೆ ಸಿಕ್ಕಿಸಿ ‘ಬಿಸಿಯೇ ಆಗ್ತಿಲ್ಲ’ ಎಂದರೆ ತಪ್ಪು ಬೆಲ್ಟಿನದಲ್ಲ. 10,000 ಎಂಎಎಚ್ ಪವರ್‌ಬ್ಯಾಂಕಿನಲ್ಲಿ 37 ವ್ಯಾಟ್‌ಅವರ್ ಇರುತ್ತದೆ. ನಷ್ಟ ಕಳೆದರೆ ‘ಹೈ’ ಬಿಸಿಯಲ್ಲಿ ಸುಮಾರು 3 ಗಂಟೆ. ಯುಎಸ್‌ಬಿ ಟೈಪ್-ಸಿ ಪೋರ್ಟಿನ ಅಗ್ಗದ ಬೆಲ್ಟು ಎರಡೂ ತುದಿ ಸಿ ಇರುವ (ಸಿ-ಟು-ಸಿ) ಕೇಬಲಿನಲ್ಲಿ ಜಪ್ಪಯ್ಯ ಅಂದರೂ ಆನ್ ಆಗದಿದ್ದರೆ, ಚಾರ್ಜರಿನಿಂದ ಪವರ್ ಕೇಳುವ 5.1 ಕಿಲೋಓಮ್ ರೆಸಿಸ್ಟರನ್ನು ಬೋರ್ಡಿನಲ್ಲಿ ಹಾಕಿಲ್ಲ ಎಂದೇ ಮೊದಲು ಅನುಮಾನಿಸಿ. ಒಂದು ತುದಿ ಹಳೆಯ ಅಗಲ ಯುಎಸ್‌ಬಿ ಇರುವ ಎ-ಟು-ಸಿ ಕೇಬಲಿನಲ್ಲಾದರೆ ಅದೇ ಬೆಲ್ಟು ಓಡುತ್ತದೆ.

ತಂದ ಕೂಡಲೇ ಉಷ್ಣತೆಯ ಸೆನ್ಸರ್ ಇದೆಯೇ ನೋಡಿ. ಚಾರ್ಜರ್ ಮತ್ತು ಬೆಲ್ಟಿನ ನಡುವೆ ಯುಎಸ್‌ಬಿ ಮೀಟರ್ (ಹರಿಯುವ ಕರೆಂಟು ತೋರಿಸುವ ಪುಟ್ಟ ಸಾಧನ) ಸಿಕ್ಕಿಸಿ, ‘ಹೈ’ ಬಿಸಿಯಲ್ಲಿಟ್ಟು, ಟವೆಲ್ ಹೊದಿಸಿ, ಎದ್ದು ಹೋಗಬೇಡಿ. ಸೆನ್ಸರ್ ಇದ್ದರೆ ಸ್ವಲ್ಪ ಹೊತ್ತಿನಲ್ಲಿ ಕರೆಂಟು ಇಳಿಯುತ್ತದೆ, ಇಲ್ಲವೇ ಬಿಟ್ಟು ಬಿಟ್ಟು ಬರುತ್ತದೆ. ಬೆಲ್ಟು ಕಾಯುತ್ತಲೇ ಇದ್ದು ಮೀಟರು 2 ಆಂಪಿಯರಿನಿಂದ ಕದಲದಿದ್ದರೆ ಒಳಗಿರುವುದು ಬರೀ ಟೈಮರ್. ಬಟನ್ ಮೇಲಿನ ‘55 ಡಿಗ್ರಿ’ ಅಲಂಕಾರಕ್ಕೆ. ಅಂಥದ್ದನ್ನು ವಾಪಸ್ ಕಳಿಸಿ.

ಹೆಚ್ಚಾಗಿ ಕೆಡುವ ಜಾಗ ವೈರು ತಾಮ್ರದ ಪಟ್ಟಿಗೆ ಸೇರುವಲ್ಲಿ. ಮಡಚಿ ಮಡಚಿ ಪಟ್ಟಿ ಅರ್ಧ ಸೀಳಿದರೆ ಉಳಿದ ಕಿರಿದಾದ ದಾರಿಯಲ್ಲೇ ಕರೆಂಟು ನುಗ್ಗಿ ಅಲ್ಲಷ್ಟೇ ಸುಡುತ್ತದೆ. ಬಟ್ಟೆಯಲ್ಲಿ ಕಂದು ಕಲೆ, ಪ್ಲಾಸ್ಟಿಕ್ ಕಮಟು ಕಂಡರೆ ಟೇಪು ಸುತ್ತಿ ಮುಂದುವರಿಸಬೇಡಿ, ಎಸೆಯಿರಿ. ಇಡುವಾಗ ಸುರುಳಿ ಸುತ್ತಿಡಿ. ತೊಳೆಯುವುದಾದರೆ ಹಾಳೆ ಹೊರತೆಗೆದು ಬಟ್ಟೆ ಮಾತ್ರ.

ಬನಿಯನ್ ಮೇಲೆ, ಮಧ್ಯಮ ಬಿಸಿಯಲ್ಲಿ 15–20 ನಿಮಿಷ ಸಾಕು. 44 ಡಿಗ್ರಿಯೂ ಸುಮಾರು 6 ಗಂಟೆ ತಾಗಿದರೆ ಚರ್ಮ ಸುಡುತ್ತದೆ, ಹಾಗಾಗಿ ಕಟ್ಟಿಕೊಂಡು ಮಲಗುವಂತಿಲ್ಲ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಮಂಕಾದವರಿಗೆ ಇದು ಬೇಡವೇ ಬೇಡ. ನೋವಿನ ಮುಲಾಮು ಹಚ್ಚಿದ ಜಾಗಕ್ಕೂ ಬೇಡ. ಈಗಷ್ಟೇ ಉಳುಕಿ ಊದಿಕೊಂಡಿದ್ದರೆ ಮೊದಲ 48 ಗಂಟೆ ಐಸ್, ಬೆಲ್ಟು ಆಮೇಲೆ.