ಬಟ್ಟೆ, ಬೆರಳು ಬ್ರಷ್, ಮಕ್ಕಳ ಬ್ರಷ್: ನಮ್ಮ ಚಿನ್ನುಗೆ ಆಗಿಬಂದದ್ದು ಯಾವುದು?

ನಮ್ಮ ಚಿನ್ನು ಪಾಮೇರಿಯನ್, ಈಗ ಆರು ವರ್ಷ. ಅಷ್ಟು ಪುಟ್ಟ ಬಾಯಲ್ಲಿ 42 ಹಲ್ಲು ಒತ್ತೊತ್ತಾಗಿ ಕೂತಿರುತ್ತವೆ, ಅದಕ್ಕೇ ಸಣ್ಣ ನಾಯಿಗಳ ಹಲ್ಲು ಬೇಗ ಕೆಡುತ್ತದೆ. ಹೋದ ವರ್ಷ ಅರಿವಳಿಕೆ ಕೊಟ್ಟು ಹಲ್ಲು ಕ್ಲೀನ್ ಮಾಡಿಸಿ, ಎರಡು ಹಲ್ಲು ಕೀಳಿಸಬೇಕಾಯಿತು. ಅವತ್ತು ಅವಳು ಮಂಕಾಗಿ ಮಲಗಿದ್ದನ್ನು ನೋಡಿ ತುಂಬಾ ಸಂಕಟವಾಯಿತು. ಆಮೇಲೆ ಮೂರು ಬಗೆ ಉಜ್ಜಿ ನೋಡಿದೆ.

ಮೊದಲು ಬ್ಯಾಂಡೇಜ್ ಬಟ್ಟೆ. ಒದ್ದೆ ಮಾಡಿ ಬೆರಳಿಗೆ ಸುತ್ತಿ ಉಜ್ಜುವುದು. ಖರ್ಚಿಲ್ಲ, ಚಿನ್ನು ಹೆದರಲಿಲ್ಲ, ಬಾಯಿ ಮುಟ್ಟಿಸಿಕೊಳ್ಳುವ ಅಭ್ಯಾಸ ಆಗಿದ್ದೇ ಇದರಿಂದ. ಆದರೆ ಬಟ್ಟೆ ಹಲ್ಲಿನ ಮೇಲಿನ ಲೋಳೆಯನ್ನಷ್ಟೇ ಒರೆಸುತ್ತದೆ, ಒಸಡಿನ ಅಂಚಿಗೆ ಇಳಿಯುವುದಿಲ್ಲ. ಕಾಯಿಲೆ ಶುರುವಾಗುವುದೇ ಆ ಅಂಚಿನಲ್ಲಿ ಅಲ್ವಾ?

ಸಿಲಿಕಾನ್ ಬೆರಳು ಬ್ರಷ್ ನನಗೆ ಹಿಡಿಸಲಿಲ್ಲ. ಬೆರಳೇ ದಪ್ಪ, ಅದರ ಮೇಲೆ ಇದೊಂದು ಪದರ, ಹಿಂದಿನ ಹಲ್ಲಿಗೆ ತಲುಪುವುದೇ ಇಲ್ಲ. ದೊಡ್ಡ ಬಾಯಿಯ ಲ್ಯಾಬ್ರಡಾರ್‌ಗೆ ಆಗಬಹುದೇನೋ.

ಗೆದ್ದಿದ್ದು ಚಿಕ್ಕ ಮಕ್ಕಳ ಮೆತ್ತನೆ ಬ್ರಷ್. ಪುಟ್ಟ ತಲೆ, ಉದ್ದ ಹಿಡಿ. ಬಾಯಿ ತೆರೆಸುವ ಕೆಲಸವೇ ಇಲ್ಲ. ತುಟಿ ಮೇಲೆತ್ತಿ, ಬ್ರಷ್ ಓರೆ ಹಿಡಿದು ಒಸಡು ಹಲ್ಲು ಸೇರುವ ಕಡೆ ಸಣ್ಣಗೆ ಸುತ್ತಿಸಿದರೆ ಸಾಕು. ಮೇಲಿನ ಸಾಲಿನ ಹಿಂದಿರುವ ದೊಡ್ಡ ಹಲ್ಲಿನ ಹತ್ತಿರವೇ ಜೊಲ್ಲಿನ ನಾಳ ತೆರೆದುಕೊಳ್ಳುತ್ತದೆ, ಅಲ್ಲೇ ಕಿಟ್ಟ (ಹಲ್ಲಿನ ಮೇಲೆ ಗಟ್ಟಿಯಾದ ಕೊಳೆ) ಜಾಸ್ತಿ ಕಟ್ಟುವುದು, ಹಾಗಾಗಿ ನಾನು ಅಲ್ಲಿಂದಲೇ ಶುರು ಮಾಡುತ್ತೇನೆ, ಅವಳು ಬೇಜಾರಾಗಿ ಎದ್ದು ಹೋಗುವಷ್ಟರಲ್ಲಿ ಮುಖ್ಯವಾದದ್ದು ಮುಗಿದಿರಲಿ ಅಂತ. ಒಳಬದಿಯನ್ನು ನಾಲಿಗೆ ಸ್ವಲ್ಪ ಮಟ್ಟಿಗೆ ನೋಡಿಕೊಳ್ಳುತ್ತದೆ.

ನಾವು ಬಳಸುವ ಪೇಸ್ಟ್ ಮಾತ್ರ ಬೇಡವೇ ಬೇಡ. ನಾಯಿ ಉಗುಳುವುದಿಲ್ಲ, ನುಂಗುತ್ತದೆ. ಕೆಲವು ಪೇಸ್ಟ್‌ಗಳಲ್ಲಿ ಸಿಹಿಗೆಂದು ಹಾಕುವ ಜೈಲಿಟಾಲ್ ಹೊಟ್ಟೆಗೆ ಹೋದರೆ ನಾಯಿಯ ರಕ್ತದ ಸಕ್ಕರೆ ದಿಢೀರ್ ಇಳಿಯುತ್ತದೆ, ಲಿವರ್‌ಗೂ ಪೆಟ್ಟು. ನಾಯಿಗಳದ್ದೇ ಕೋಳಿ ರುಚಿಯ ಪೇಸ್ಟ್ ಸಿಗುತ್ತದೆ. ಬರೀ ನೀರಲ್ಲೂ ಉಜ್ಜಿ ನೋಡಿದ್ದೇನೆ, ಕೊಳೆ ತೆಗೆಯುವುದು ಹೆಚ್ಚಾಗಿ ಬ್ರಷ್ಷೇ. ಆದರೆ ಪೇಸ್ಟ್ ಡಬ್ಬಿ ತೆಗೆದರೆ ಚಿನ್ನು ತಾನಾಗಿ ಓಡಿ ಬರುತ್ತಾಳೆ, ಅದು ದೊಡ್ಡ ಅನುಕೂಲ.

ಅಗಿಯುವ ಡೆಂಟಲ್ ಸ್ಟಿಕ್ ಕೂಡ ಕೊಟ್ಟೆ. ಅವಳು ಒಂದೇ ಬದಿಯಲ್ಲಿ ಅಗಿದಳು, ಇನ್ನೊಂದು ಬದಿ ಹಾಗೇ ಉಳಿಯಿತು. ಜೊತೆಗೆ ಕೊಡಿ, ಬ್ರಷ್ ಬದಲಿಗೆ ಬೇಡ. ಮೂಳೆ, ಕೊಂಬು ಕೊಡಲೇಬೇಡಿ, ಹಲ್ಲು ಸೀಳುತ್ತದೆ. ಉಗುರು ಒತ್ತಿದರೆ ಗುರುತು ಬೀಳದ ಯಾವುದೂ ಬೇಡ.

ಹಲ್ಲಿನ ಲೋಳೆ ಎರಡು ಮೂರು ದಿನದಲ್ಲಿ ಕಲ್ಲಿನಂತೆ ಗಟ್ಟಿಯಾಗುತ್ತದೆ. ಆಮೇಲೆ ಯಾವ ಬ್ರಷ್‌ಗೂ ಬಗ್ಗುವುದಿಲ್ಲ. ಅದಕ್ಕೇ ರಾತ್ರಿ ಊಟ ಆದ ಮೇಲೆ ದಿನಾ ಉಜ್ಜುತ್ತೇನೆ. ನಿಮ್ಮ ನಾಯಿಗೆ ಈಗಾಗಲೇ ಕಂದು ಕಿಟ್ಟ ಕಟ್ಟಿದ್ದರೆ, ಒಸಡು ಕೆಂಪಾಗಿದ್ದರೆ ಬ್ರಷ್ ಹಿಡಿಯುವ ಮೊದಲು ಡಾಕ್ಟರಿಗೆ ತೋರಿಸಿ. ನೋವಿರುವ ಬಾಯಲ್ಲಿ ಉಜ್ಜಿದರೆ ಮತ್ತೆ ಹತ್ತಿರ ಬರುವುದಿಲ್ಲ.