ಬಿಡಿ ಕಥೆನಾ, ಮುಗಿಯದ ಸೀರೀಸಾ: ಎರಡು ಸ್ಪ್ಯಾಂಕಿಂಗ್ ಇ-ಬುಕ್ ಓದಿದ್ಮೇಲೆ

ಸ್ಪ್ಯಾಂಕಿಂಗ್ ಫಿಕ್ಷನ್ ಓದ್ತೀನಿ ಅಂತ ಹೇಳ್ಕೊಳ್ಳೋಕೆ ಮೊದಲೆಲ್ಲ ಮುಜುಗರ ಆಗ್ತಿತ್ತು, ಈಗಿಲ್ಲ. ದೊಡ್ಡವರ ಕಥೆ, ಇಬ್ರೂ ಒಪ್ಪಿ ಅಂಡಿಗೆ ಏಟು ಕೊಟ್ಟು ತಗೊಳ್ಳೋ ಆಟ, ಅಷ್ಟೇ. (ಒಪ್ಪಿಗೆ ಇಲ್ಲದ್ದು ಕಂಡ್ರೆ ಅಲ್ಲೇ ಡಿಲೀಟ್ ಮಾಡ್ತೀನಿ.) ಈ ಸಲ ಎರಡು ಒಟ್ಟಿಗೆ ಓದಿದೆ, ಒಂದು 12 ಬಿಡಿ ಕಥೆಗಳ ಸಂಕಲನ, ಇನ್ನೊಂದು ಬರ್ತಾನೇ ಇರೋ ಸೀರೀಸು, ಇದುವರೆಗೆ 6 ಭಾಗ ಆಗಿದೆ.

ಸಂಕಲನದ್ದು ಸುಖ ಏನಂದ್ರೆ ಮಲಗೋ ಮುಂಚೆ ಒಂದು ಕಥೆ ಮುಗಿಸಿ ಲೈಟ್ ಆರಿಸಬಹುದು. ಆದ್ರೆ ನಾಲ್ಕನೇದರ ಹೊತ್ತಿಗೆ ಅಚ್ಚು ಗೊತ್ತಾಗೋಯ್ತು, ಯಾರೋ ತಪ್ಪು ಮಾಡ್ತಾರೆ, ಜಗಳ, ತೊಡೆ ಮೇಲೆ, ಕಣ್ಣೀರು, ಅಪ್ಪುಗೆ, ಮುಗೀತು. ಇವರಿಬ್ರು ಯಾರು, ಯಾಕೆ ಇಷ್ಟು ನಂಬಿಕೆ ಅಂತ ಕೇಳೋಷ್ಟ್ರಲ್ಲಿ ಕಥೆನೇ ಇಲ್ಲ. ಏಳನೇದು ಮಾತ್ರ ಬೇರೆ. ಅವಳು ರೂಮಲ್ಲಿ ಕಾಯ್ತಾ ಇರ್ತಾಳೆ, ಹೊರಗಡೆ ಅವನು ಡ್ರಾಯರ್ ಎಳೆಯೋ ಸದ್ದು, ಹೆಜ್ಜೆ ಸದ್ದು, ಮೊದಲ ಏಟು ಬೀಳೋ ಮುಂಚೆನೇ ಕಥೆ ನಿಂತು ಹೋಗತ್ತೆ! ಇಷ್ಟು ಬಿಗಿಯಾಗಿ ಬರೆಯೋದು ಸಣ್ಣ ಕಥೆಯಲ್ಲಷ್ಟೇ ಸಾಧ್ಯ.

ಸೀರೀಸಿಗೆ ಬಂದ್ರೆ, ಮೊದಲ ಭಾಗದಲ್ಲಿ ಇಬ್ರೂ ಕೂತು ಸೇಫ್‌ವರ್ಡ್ ಮಾತಾಡ್ಕೊಳ್ತಾರೆ (ಆ ಪದ ಹೇಳಿದ್ರೆ ಆಟ ಅಲ್ಲೇ ನಿಲ್ಲಬೇಕು), ಬೋರ್ ಅನ್ಸತ್ತೆ. ಮೂರನೇ ಭಾಗದಲ್ಲಿ ಅವಳು ಆ ಪದ ಮೊದಲ ಸಲ ಹೇಳ್ತಾಳೆ, ಅವನು ಆ ಕ್ಷಣಕ್ಕೇ ನಿಲ್ಲಿಸ್ತಾನೆ, ಮಿಕ್ಕ ಪುಟ ಪೂರ್ತಿ ಇಬ್ರೂ ನೆಲದ ಮೇಲೆ ಕೂತು ಮಾತಾಡೋದೇ, ನಂಗೆ ಗಂಟಲು ಕಟ್ತು. ಬಿಡಿ ಕಥೆಯಲ್ಲಿ ಇದೇ ಪದ ಹೇಳಿದ್ರೆ ಏನೂ ಅನ್ಸಲ್ಲ, ಯಾಕಂದ್ರೆ ಅದರ ಹಿಂದೆ ಏನೂ ನಡೆದಿರಲ್ಲ.

ಆಮೇಲೆ ಹಾಳಾಯ್ತು ನೋಡಿ. ಕೈಯಿಂದ ಬ್ರಶ್ಶಿಗೆ, ಬ್ರಶ್ಶಿಂದ ಬೆಲ್ಟಿಗೆ, ಪ್ರತಿ ಭಾಗಕ್ಕೂ ಏಟು ಜಾಸ್ತಿ ಆಗತ್ತೆ ಹೊರತು ಮನಸ್ಸಿನ ವಿಷ್ಯ ಒಂಚೂರೂ ಮುಂದೆ ಹೋಗಲ್ಲ. ಐದನೇದು ಜಗಳದ ಮಧ್ಯದಲ್ಲೇ ಕಟ್, ಆರನೇದ್ರಲ್ಲಿ ಹಳೇ ಕಥೆ ನೆನಪಿಸೋಕೇ ಮೂರು ಅಧ್ಯಾಯ.

ಇದ್ರಲ್ಲಿ ದುಡ್ಡಿನ ಲೆಕ್ಕನೂ ಇದೆ. ಕಿಂಡಲ್ ಅನ್‌ಲಿಮಿಟೆಡ್ (ಅಮೆಜಾನಿಗೆ ಚಂದಾ ಕಟ್ಟಿ ಇ-ಬುಕ್ ಓದೋ ಸೇವೆ) 2014ರಲ್ಲಿ ಶುರುವಾದಾಗ ಓದುಗ ಪುಸ್ತಕದ 10% ದಾಟಿದ್ರೆ ಸಾಕು, ಲೇಖಕರಿಗೆ ದುಡ್ಡು ಬರ್ತಿತ್ತು, ಹಂಗಾಗಿ ಪುಟ್ಟ ಪುಟ್ಟ ತುಂಡು ಮಾಡಿ ಹಾಕೋದೇ ಲಾಭ. 2015ರ ಜುಲೈಯಿಂದ ಓದಿದ ಪುಟದ ಲೆಕ್ಕಕ್ಕೆ ದುಡ್ಡು ಅಂತಾಯ್ತು, ಆಗ ಉದ್ದ ಎಳೆಯೋದು ಲಾಭ. ಈ ಸೀರೀಸ್ ಬರೆದವರ ಮನಸ್ಸಲ್ಲಿ ಏನಿತ್ತೋ, ಓದೋವಾಗ ಮಾತ್ರ ಎಳೆದಂಗೇ ಇದೆ.

ಅಂದಹಾಗೆ ಮ್ಯಾಸೊಕಿಸಂ (ನೋವಲ್ಲೇ ಸುಖ ಕಾಣೋದು) ಅನ್ನೋ ಪದ ಬಂದಿದ್ದೇ ಆಸ್ಟ್ರಿಯಾದ ಲೇಖಕ ಝಾಕರ್-ಮಾಸೊಕ್ ಹೆಸರಿಂದ, ಆತನ 1870ರ 'ವೀನಸ್ ಇನ್ ಫರ್ಸ್' ಕೂಡ ಒಂದು ದೊಡ್ಡ ಕಥಾಮಾಲೆಯ ಭಾಗ ಅಂತ ಬರೆದಿದ್ದು. ಮಾಲೆ ಪೂರ್ತಿ ಆಗ್ಲೇ ಇಲ್ಲ, ಜನ ಇವತ್ತಿಗೂ ಅದೊಂದನ್ನೇ ಬಿಡಿಯಾಗಿ ಓದ್ತಾರೆ.

ಸಂಕಲನಕ್ಕೆ 3 ಸ್ಟಾರ್, ಅದ್ರಲ್ಲಿ ಒಂದೂವರೆ ಏಳನೇ ಕಥೆಗೇ. ಸೀರೀಸಿಗೂ 3. ಹೊಸಬ್ರು ಮೂರನೇ ಭಾಗಕ್ಕೇ ನಿಲ್ಲಿಸಿದ್ರೂ ನಷ್ಟ ಇಲ್ಲ. ನಾನು ಮಾತ್ರ ಏಳನೇ ಭಾಗ ಬಂತಾ ಅಂತ ದಿನಾ ಚೆಕ್ ಮಾಡ್ತಿದೀನಿ, ಏನ್ ಮಾಡೋದು.