ಹಳೆಯ ಬೀಜಕ್ಕೆ ಯಾವ ನೀರು?

ಸಸಿ ಮಾಡಲೆಂದು ಇಟ್ಟ ಕಳೆದ ವರ್ಷದ ಮರದ ಬೀಜ ಡಬ್ಬಿಯಲ್ಲಿ ಉಳಿದಿದ್ದರೆ, ನೆನೆಹಾಕುವ ಮೊದಲು ಹತ್ತನ್ನು ಒಡೆದು ನೋಡಿ. ತಿರುಳು ಗಟ್ಟಿಯಾಗಿದ್ದರೆ ಆಸೆಯಿದೆ. ಸುಕ್ಕಿ ಕಮಟು ವಾಸನೆ ಬಂದರೆ ಯಾವ ನೀರೂ ಅದನ್ನು ಎಬ್ಬಿಸದು. ಬೇವಂತೂ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಜೀವ ಕಳೆದುಕೊಳ್ಳುತ್ತದೆ. ಅದಕ್ಕೆ ಹೊಸ ಬೀಜವೇ ಗತಿ.

ಹೊಂಗೆಗೆ ತಣ್ಣೀರು ಸಾಕು, ಒಂದು ರಾತ್ರಿ. ಆದರೆ ಹಳೆಯ ಬೀಜದ ಜೀವಕೋಶಗಳ ಪೊರೆ ದುರ್ಬಲವಾಗಿರುತ್ತದೆ. ಒಮ್ಮೆಲೇ ನೀರು ನುಗ್ಗಿದರೆ ಒಳಗಿನ ಸಕ್ಕರೆ, ಲವಣಗಳು ಸೋರಿಹೋಗುತ್ತವೆ. ಬಟ್ಟಲಿನ ನೀರು ಬೆಳಗ್ಗೆ ಮಬ್ಬಾಗಿ ಲೋಳೆ ಕಟ್ಟಿದ್ದರೆ ಅನುಮಾನ ಪಡಿ. ಅದಕ್ಕೇ ನಾನು ಮೊದಲು ಒದ್ದೆ ಗೋಣಿಚೀಲದಲ್ಲಿ ಒಂದು ದಿನ ಸುತ್ತಿಟ್ಟು, ಆಮೇಲೆ ನೀರಿಗೆ ಹಾಕುತ್ತೇನೆ.

ಬಿಸಿನೀರು ಸುಬಾಬುಲ್‌ನಂಥ ಗಟ್ಟಿ ಸಿಪ್ಪೆಯ ಬೀಜಕ್ಕೆ ಮಾತ್ರ. ಅದು ಸಿಪ್ಪೆಯನ್ನು ಸಡಿಲಿಸುತ್ತದೆ, ಕಸುವು ತುಂಬುವುದಿಲ್ಲ. ಹೊಂಗೆಗೆ ಹಾಕಿದರೆ ಬೇಯಿಸಿದಂತೆಯೇ ಸರಿ.

ತೇಗಕ್ಕೆ ತಾಳ್ಮೆ ಬೇಕು: 12 ಗಂಟೆ ನೀರು, 12 ಗಂಟೆ ಬಿಸಿಲು, ಹೀಗೆ ಒಂದೆರಡು ವಾರ. ಸಗಣಿ ಬಗ್ಗಡದಲ್ಲಿ ನೆನೆಸುವುದೂ ರೂಢಿಯಲ್ಲಿದೆ.

ಜಿಬ್ಬರೆಲಿಕ್ ಆಮ್ಲ ಎಂಬ ಸಸ್ಯ ಹಾರ್ಮೋನು ಮೊಳಕೆಯನ್ನು ಚುರುಕುಗೊಳಿಸಬಲ್ಲದು. ಆದರೆ ಅದರ 100 ಪಿಪಿಎಂ ದ್ರಾವಣ ಎಂದರೆ ಲೀಟರು ನೀರಿಗೆ ಬರೀ 100 ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿಗೆ ಅದು ಸಿಗುವುದಿಲ್ಲ. ಹೆಚ್ಚಾದರೆ ಸಸಿ ಸೊರಗಿದ ಕಡ್ಡಿಯಂತೆ ಉದ್ದವಾಗುತ್ತದೆ. ನರ್ಸರಿಯವರಿಗೆ ಸರಿ, ಹಿತ್ತಲಿನ ಇಪ್ಪತ್ತು ಸಸಿಗೆ ನಾನಾದರೆ ಗೋಣಿಚೀಲವನ್ನೇ ಆರಿಸುತ್ತೇನೆ.